ತಮ್ಮ ಬರೆದುಕೊಟ್ಟ ಪದಗಳು, ನಾನು ಓದದ ಪುಟ

ನಾನು ಓದಿದ್ದು ಆರನೆಯ ತರಗತಿಯವರೆಗೆ, ಕಂಪ್ಲಿಯಲ್ಲಿ. ಕನ್ನಡ ಓದುತ್ತೇನೆ, ನಿಧಾನವಾಗಿ, ತುಟಿ ಅಲ್ಲಾಡಿಸಿಕೊಂಡು. ಈಗ ಹೊಸಪೇಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತೇನೆ. ನನಗಿರುವವನು ಒಬ್ಬನೇ ತಮ್ಮ. ಸಂಡೂರಿನ ಹತ್ತಿರ ಯಶವಂತನಗರದಲ್ಲಿ ಗಣಿ ಲಾರಿಗಳನ್ನು ತೂಗುವ ಕೆಲಸ ಅವನದು, ಇರುವುದು ಬಾಡಿಗೆ ಕೋಣೆಯಲ್ಲಿ. ಅವನಿಗೆ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನು ಮರೆತಿರಬಹುದು. ನಾನು ಮರೆತಿಲ್ಲ.

ಕೆಲಸ ಮುಗಿದ ಮೇಲೆ ತಮ್ಮ ಫೋನಿನಲ್ಲಿ ಒಂದು ಲೋಕಕ್ಕೆ ಹೋಗುತ್ತಾನೆ. ಅದನ್ನು ಆಟ ಎಂದರೆ ಅವನಿಗೆ ಸಿಟ್ಟು. "ಆಟದಾಗ ಗೆಲ್ಲೋದು ಸೋಲೋದು ಇರತೈತಿ ಅಕ್ಕ. ಅಲ್ಲಿ ಸುಮ್ನ ಇರೋದು" ಅನ್ನುತ್ತಾನೆ. ಅಲ್ಲಿ ಊರುಗಳಿವೆ, ಅಂಗಡಿಗಳಿವೆ, ಬೇರೆ ಬೇರೆ ದೇಶದ ಜನ ಗೊಂಬೆಯ ರೂಪದಲ್ಲಿ ಓಡಾಡುತ್ತಾರೆ. ಅಲ್ಲಿ ಅವನೊಂದು ಮನೆ ಕಟ್ಟಿದ. ಹಂಪಿಯ ಹೊಳೆದಂಡೆಯಲ್ಲಿ ಕಾಣುವಂಥ ಗುಂಡುಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳ ನಡುವೆ ಮನೆ. ನಾಲ್ಕು ತಿಂಗಳು ಹಿಡಿಯಿತು.

ನಾವಿಬ್ಬರೂ ಬೆಳೆದದ್ದು ಬಾಡಿಗೆ ಮನೆಗಳಲ್ಲಿ. ಕಂಪ್ಲಿಯೊಂದರಲ್ಲೇ ಏಳು ಮನೆ ಬದಲಾಯಿಸಿದ್ದೆವು. ಗೃಹಪ್ರವೇಶ ಎಂದರೆ ಬೇರೆಯವರ ಮನೆಯಲ್ಲಿ ಉಂಡು ಬಂದದ್ದೇ. ನಮ್ಮಲ್ಲಿ ಹೊಸ ಮನೆಗೆ ಮೊದಲು ಕಾಲಿಟ್ಟು ಹಾಲು ಉಕ್ಕಿಸುವವಳು ಮನೆಯ ಮಗಳು. ಆಮೇಲೆ ಅಕ್ಕಿ, ಕೊಬ್ಬರಿ, ಬ್ಲೌಸ್ ಪೀಸು ಹಾಕಿ ಅವಳ ಉಡಿ ತುಂಬುತ್ತಾರೆ.

"ನೀ ಬಂದು ಹಾಲು ಉಕ್ಕಿಸೋತನಕ ಬಾಗಲಾ ತೆಗಿಯಲ್ಲ" ಎಂದ ತಮ್ಮ.

"ಫೋನಿನಾಗಿನ ಮನಿಗೆ ಯಾರರ ಹಾಲು ಉಕ್ಕಸ್ತಾರೇನೋ ಹುಚ್ಚಪ್ಪ?"

"ಕಟ್ಟಿದ್ದು ನಾನು. ಮತ್ತ್ಯಾರ ಮನಿ ಅದು?"

ಮುಂದಿನ ಭಾನುವಾರ ಬಂದು ನನ್ನ ಫೋನಿನಲ್ಲಿ ಎಲ್ಲ ಹಾಕಿಕೊಟ್ಟ. ಪರದೆ ತಾನಾಗಿ ಆರದಂತೆಯೂ ಮಾಡಿಟ್ಟ. ಜೊತೆಗೊಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟ. ಅಲ್ಲಿಗೆ ಹೊಸದಾಗಿ ಬರುವವರಿಗೆ ಬೇಕಾದ ಪದಗಳನ್ನು ಮೂರು ಪುಟ ದಪ್ಪ ಅಕ್ಷರದಲ್ಲಿ ಬರೆದಿದ್ದ.

"ಅವತಾರ್: ಒಳಗಿನ ನೀನು. ಹತ್ತೇ ಅಂತಿಲ್ಲ, ದಿನಕ್ಕೊಂದು ಎತ್ತಬಹುದು."

"ಟೆಲಿಪೋರ್ಟ್: ಬಸ್ಸಿಲ್ಲದ ಊರಿಂದ ಊರಿಗೆ ಹೋಗೋದು. ಸೀಟಿಗೆ ಟವಲ್ ಹಾಕೋದು ಬ್ಯಾಡ."

"ಲ್ಯಾಗ್: ಮರಿಯಮ್ಮನಹಳ್ಳಿ ಹತ್ರ ಲಾರಿ ಸಾಲು ನಿಂತಂಗ ಎಲ್ಲಾ ನಿಂತುಬಿಡತೈತಿ. ಗಾಬರಿ ಆಗಬ್ಯಾಡ."

"ಇನ್ವೆಂಟರಿ: ನಿನ್ನ ಟ್ರಂಕು. ಎಷ್ಟು ತುಂಬಿದ್ರೂ ಮುಚ್ಚತೈತಿ."

ನಾನು ಒಂದೂವರೆ ಪುಟ ಓದಿದೆ. "ಎಲ್ಲಾ ಓದಿದೇನಕ್ಕ?" ಎಂದು ಕೇಳಿದಾಗ "ಹೂಂ" ಎಂದೆ. ಅದು ಮೊದಲ ಸುಳ್ಳು.

ನನ್ನ ಗೊಂಬೆ ಪ್ಯಾಂಟು ಹಾಕಿಕೊಂಡು ಹುಟ್ಟಿತ್ತು. ಸೀರೆ ಉಡಿಸುವವರೆಗೆ ಒಂದು ಹೆಜ್ಜೆ ಇಡುವುದಿಲ್ಲ ಎಂದು ಹಟ ಮಾಡಿದೆ. ತಮ್ಮ ಯಾವುದೋ ಅಂಗಡಿಯಿಂದ ಪುಕ್ಕಟೆ ಸೀರೆ ತಂದು ಉಡಿಸಿದ. ಬ್ಲೌಸಿಗೆ ಹುಕ್ಕೇ ಇರಲಿಲ್ಲ.

"ಇದನ್ನ ಹೆಂಗ ಹಾಕ್ಕಂತಾರಲೇ?"

"ಅಲ್ಲಿ ಟೈಲರ್ ಕಡಿಮಿ ಅದಾರ. ನೀ ಬಂದ್ರ ಮಸ್ತ್ ಗಿರಾಕಿ."

ಅದರ ಮುಂದಿನ ಭಾನುವಾರ ಮಧ್ಯಾಹ್ನ ಗೃಹಪ್ರವೇಶ. ಅವನು ಯಶವಂತನಗರದಲ್ಲಿ, ನಾನು ಹೊಸಪೇಟೆಯಲ್ಲಿ. ಫೋನನ್ನು ಚಾರ್ಜಿಗೆ ಹಾಕಿ, ಮಷಿನ್ನಿನ ಎಣ್ಣೆ ಡಬ್ಬಿಗೆ ಒರಗಿಸಿ ಆ ಲೋಕದ ಒಳಗೆ ಹೋದೆ. ಮನೆಯ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಒಬ್ಬನಿಗೆ ರೆಕ್ಕೆ ಇತ್ತು, ಒಬ್ಬಳ ಕೂದಲು ನೀಲಿ. ಅಕ್ಕ ಮೊದಲು ಹೋಗಬೇಕು ಎಂದು ತಮ್ಮ ಹೇಳಿದ್ದಕ್ಕೆ ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದರು. ಇನ್ನು ನಾಲ್ಕು ಹೆಜ್ಜೆ.

ಆಗ ನಿಜವಾದ ಬಾಗಿಲು ಬಡಿದ ಸದ್ದಾಯಿತು. ಮರುದಿನದ ಮದುವೆಯ ಬ್ಲೌಸು ಹಿಡಿದು ಗಿರಾಕಿ ಬಂದಿದ್ದರು. ತೋಳು ಬಿಗಿಯಾಗಿತ್ತು.

"ಐದೇ ನಿಮಿಷ ಅಕ್ಕಾರ, ನಾ ಇಲ್ಲೇ ಕುಂದರ್ತೀನಿ. ಜಲ್ದಿ ಬಿಚ್ಚಿ ಕೊಡ್ರಿ."

"ಸ್ವಲ್ಪ ತಡೀರಿ" ಅನ್ನಬಹುದಿತ್ತು. ಅನ್ನಲಿಲ್ಲ. ಎದುರಿಗೆ ನಿಂತ ಗಿರಾಕಿ ನಿಜ, ತಮ್ಮನ ಮನೆ ಸುಳ್ಳು ಎಂದು ಮನಸ್ಸಿನಲ್ಲಿ ಎಲ್ಲೋ ಇತ್ತು. ಹೊಲಿಯುವಾಗ ಗೊಂದಲವಾಗದಿರಲಿ ಎಂದು ಫೋನಿನ ದನಿ ಬಂದ್ ಮಾಡಿ, ಅದನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಒಂದು ತೋಳು ಎರಡಾಯಿತು, ಆಮೇಲೆ ಅವರ ಮಗಳ ಬ್ಲೌಸೂ ಬಂತು. ಮುಗಿಯುವಷ್ಟರಲ್ಲಿ ಒಂದು ತಾಸು ಮೀರಿತ್ತು.

ಫೋನ್ ತಿರುಗಿಸಿ ನೋಡಿದರೆ ಜನರೆಲ್ಲ ಹೋಗಿದ್ದರು. ನನ್ನ ಗೊಂಬೆ ತಲೆ ಬಗ್ಗಿಸಿ ಬಾಗಿಲ ಮುಂದೆ ನಿಂತಿತ್ತು. ಪಕ್ಕದ ಮೆಟ್ಟಿಲ ಮೇಲೆ ತಮ್ಮ ಕುಳಿತಿದ್ದ. ಪರದೆಯ ಕೆಳಗೆ ಅವರೆಲ್ಲ ಬರೆದ ಸಾಲು ಸಾಲು ಅಕ್ಷರ ಬಂದಿದ್ದವು. ಓದುವ ಧೈರ್ಯವಾಗದೆ ಫೋನ್ ಆರಿಸಿಬಿಟ್ಟೆ.

ಸಂಜೆ ನಾನೇ ಕರೆ ಮಾಡಿದೆ. "ನೀ ಕಾದಿರಬೇಕಲ್ಲಪ್ಪ. ಒಳಗ ಬಂದ ಕೂಡ್ಲೆ ಕರೆಂಟ್ ಹೋತು, ಚಾರ್ಜ್ ಇಲ್ದ ಫೋನೂ ಆರಿಬಿಡ್ತು."

"ಹೌದಾ? ಆಗಲಿ ಬಿಡಕ್ಕ. ಊಟ ಆತಾ?"

ಅಷ್ಟೇ. ಆಮೇಲೆ ಎರಡು ತಿಂಗಳು ಫೋನ್ ಮಾಡುತ್ತಿದ್ದ, ನಗುತ್ತಿದ್ದ. ಮನೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ನನ್ನ ಸುಳ್ಳು ನಿಂತಿತು ಎಂದುಕೊಂಡೆ. ಅವನ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಗಿರಾಕಿಗಳ ಅಳತೆ ಬರೆಯತೊಡಗಿದ್ದೆ.

ಒಂದು ದಿನ ಯಾರದೋ ಅಳತೆ ಹುಡುಕುತ್ತಾ ಹಾಳೆ ಹಿಂದೆ ಹಿಂದೆ ತಿರುವುವಾಗ ಮೂರನೆಯ ಪುಟ ಸಿಕ್ಕಿತು. ತುಟಿ ಅಲ್ಲಾಡಿಸಿಕೊಂಡು ಓದಿದೆ.

"ಅವೇ: ಇಂಗ್ಲಿಷಿನಾಗ ದೂರ ಅಂತ. ಫೋನ್ ಹಂಗ ಇಟ್ಟು ಎದ್ದು ಹೋದ್ರ ನಿನ್ನ ಗೊಂಬಿ ತಲಿ ಬಗ್ಗಿಸಿ ನಿಂದರತೈತಿ. ಆಗ ಮನಿಷ್ಯಾ ಬ್ಯಾರೆ ಕೆಲಸದಾಗ ಅದಾನಂತ ಎಲ್ಲಾರಿಗೂ ತಿಳೀತೈತಿ. ಕರೆಂಟ್ ಹೋಗಿ ಫೋನ್ ಆರಿದ್ರ ಹಂಗಲ್ಲ, ಗೊಂಬಿನೇ ಮಾಯ ಆಗತೈತಿ."

ಕತ್ತರಿ ಕೆಳಗಿಟ್ಟೆ. ಆ ಒಂದು ತಾಸೂ ಅವನಿಗೆ ಗೊತ್ತಿತ್ತು. ಅವನ ಗೆಳೆಯರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಆ ವಾರವೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸಂಡೂರಿನ ಬಸ್ಸು ಹತ್ತಿದೆ. ತಮ್ಮ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ, ಹುಬ್ಬಿನ ಮೇಲೆಲ್ಲ ಕೆಂಪು ಧೂಳು. ಅವನು ಮುಖ ತೊಳೆದು ಬರುವವರೆಗೂ ತಡೆಯಲಾಗಲಿಲ್ಲ.

"ಅವತ್ತು ಕರೆಂಟ್ ಹೋಗಿರಲಿಲ್ಲ" ಎಂದೆ.

"ಗೊತ್ತೈತಿ."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ಇನ್ನೊಂದು ಸುಳ್ಳು ಹೇಳ್ತಿದ್ದಿ. ಒಂದೇ ಭಾಳ ಆಗಿತ್ತು." ಟವಲ್ಲಿನಿಂದ ಮುಖ ಒರೆಸಿಕೊಂಡ. "ಗಿರಾಕಿ ಬಂದಿರಬೇಕು ಅಂತ ಅವರಿಗೆಲ್ಲಾ ಹೇಳಿದ್ನಿ. ನಮ್ಮಕ್ಕ ದೊಡ್ಡ ಟೈಲರ್ ಅಂದ್ನಿ."

ನಾನು ಅತ್ತೆ. ಅವನು ರೊಟ್ಟಿ ಬಿಚ್ಚಿ ತಿನ್ನಲು ಕುಳಿತ.

ಫೋನಿನೊಳಗಿನ ಆ ಮನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಒಂದೇ ಮಂಚದ ಮೇಲೆ, ಅವನ ಫೋನಿನಲ್ಲಿ ಅವನು, ನನ್ನದರಲ್ಲಿ ನಾನು, ಆ ಮೆಟ್ಟಿಲು ಹತ್ತಿದೆವು. ಒಳಗೆ ಒಲೆ, ಒಲೆಯ ಮೇಲೆ ಪಾತ್ರೆ. ಅಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ, ಉಕ್ಕು ಎಂದು ಹಾಲಿಗೆ ಬರೆದು ಕಲಿಸಬೇಕು. ಅದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ, ಅದೂ ಮೂರನೆಯ ಪುಟದಲ್ಲಿತ್ತು. ನಾನು ಪಾತ್ರೆ ಮುಟ್ಟಿದೆ. ಹಾಲು ಉಕ್ಕಿತು. ನಿಲ್ಲಲೇ ಇಲ್ಲ. ಒಲೆ ದಾಟಿ, ನೆಲ ತುಂಬಿ, ಬಾಗಿಲಿನಿಂದ ಹೊರಗೆ ಹರಿದು ಗುಂಡುಕಲ್ಲುಗಳ ಮೇಲೆ ಇಳಿಯಿತು.

"ನಿಂದ್ರು ಅಂತ ಬರಿಯೋದು ಮರೆತೀನಿ" ಎಂದು ತಮ್ಮ ತಲೆ ಕೆರೆದುಕೊಂಡ.

ಆಮೇಲೆ ಮಂಚದ ಕೆಳಗಿನಿಂದ ಒಂದು ಚೀಲ ತೆಗೆದ. ಗೃಹಪ್ರವೇಶದ ದಿನ ಸಂಜೆ ಹೊಸಪೇಟೆಗೆ ತರಬೇಕೆಂದು ಕಟ್ಟಿಟ್ಟಿದ್ದ ಉಡಿ ಅಕ್ಕಿ. ಅಕ್ಕಿಗೆ ನುಸಿ ಬಿದ್ದಿತ್ತು. ಹಸಿರು ಬ್ಲೌಸ್ ಪೀಸು ಚೆನ್ನಾಗಿಯೇ ಇತ್ತು. ಸೆರಗೊಡ್ಡಿದೆ, ನುಸಿಯ ಸಮೇತ ತುಂಬಿದ.

ಆ ಹಸಿರು ಬ್ಲೌಸು ತೊಟ್ಟೇ ಇದನ್ನು ಬರೆಯುತ್ತಿದ್ದೇನೆ. ಈಗ ಭಾನುವಾರ ಮಧ್ಯಾಹ್ನ ತಮ್ಮನ ಮನೆಗೆ ಹೋಗುತ್ತೇನೆ. ಗಿರಾಕಿಗಳು ಆಗಲೂ ಬರುತ್ತಾರೆ.

"ಸ್ವಲ್ಪ ಕುಂದ್ರಿ" ಅನ್ನುತ್ತೇನೆ. "ತಮ್ಮನ ಮನ್ಯಾಗ ಅದೀನಿ."

ಮಷಿನ್ನಿನ ಮುಂದೆ ಕುಳಿತ ನನ್ನನ್ನು ಅವರು ಮೇಲಿಂದ ಕೆಳಗೆ ನೋಡುತ್ತಾರೆ. ನಾನು ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತೇನೆ: ಗಿರಾಕಿ ಬಂದಾರ, ಹೋಗಿ ಬರ್ತೀನಿ. "ಹೂಂ ಅಕ್ಕ" ಎಂದು ಅವನಿಂದ ಬಂದ ಮೇಲೆ ಏಳುತ್ತೇನೆ.