ಎರಡು ಅಂತ ಬರೆಸಿದ ನೋವು

ನನ್ನ ಗಂಡ ಮರಾಠಿ ಸೀಮ್ಯಾಗ, ಶಿವಾಜಿನಗರದ ಅರಿವಿ ಅಂಗಡ್ಯಾಗ ನಲವತ್ತು ವರ್ಷ ನಿಂತು ಅರಿವಿ ಅಳೆದವರು. ಹೊಟ್ಟ್ಯಾಗಿನ ಕ್ಯಾನ್ಸರ್ ಬೆನ್ನಿನ ಎಲುಬಿಗೆ ಇಳೀತು. ಆಸ್ಪತ್ರಿಗೆ ಹಾಕಿದ್ವಿ. ಆರಾಮ ಆಗೂದಿಲ್ಲ, ನೋವಷ್ಟ ಕಡಿಮಿ ಮಾಡ್ತೀವಿ ಅಂತ ಡಾಕ್ಟರ್ ಮೊದಲನೇ ದಿನಾನ ಹೇಳಿದ್ರು.

ದಿನಾ ಮುಂಜಾನೆ ಒಬ್ಬಾಕಿ ಸಣ್ಣ ವಯಸ್ಸಿನ ಸಿಸ್ಟರ್ ಬಂದು, ಅಜ್ಜಾ ಅಂತ ಕರದು, ಮರಾಠಿಯೊಳಗ ಕೇಳತಿದ್ಲು. "ಆಜೋಬಾ, ಹತ್ತರಾಗ ಎಷ್ಟು ನೋವು?"

"ದೋನ್," ಅನ್ನಾವರು ಇವರು.

ಆಕಿ ಕಾಗದದ ಮ್ಯಾಲೆ ಎರಡು ಬರಕೊಂಡು ಹೋಗಾಕಿ. ಎರಡಕ್ಕ ಸಿಗೂದು ಸಾದಾ ಗುಳಿಗಿ.

ಮೊಮ್ಮಗಳ ವಯಸ್ಸಿನ ಹುಡುಗಿ ಮುಂದ ನರಳೂ ಮನಷ್ಯಾ ಅಲ್ಲ ಅವರು. ನಾನರೆ ಏನು ಮಾಡಿದೆ? "ನಮ್ಮವರು ಭಾಳ ಗಟ್ಟಿ, ಹಲ್ಲು ಕಿತ್ತಾಗೂ ಹ್ಞೂಂ ಅಂದಿಲ್ಲ" ಅಂತ ಆಕಿ ಮುಂದ ಡೌಲು ಬಡದೆ.

ಆದ್ರ ಹಾಸಿಗಿ ಚಾದರ ಬದಲಿ ಮಾಡಾಕ ಹೊರಳಿಸಿದಾಗ ಅವರ ಕಾಲಬೆರಳು ಒಳಗ ಮಡಚತಿದ್ದವು. ತಡಕೊಳ್ಳಾಕ ಆಗದ ನೋವಿದ್ರ ಹಂಗ ಆಗ್ತದ ಅಂತ ಲಗ್ನ ಆದಾಗಿಂದ ನನಗ ಗೊತ್ತು.

"ರೀ, ಎಂಟು ಅನ್ರಿ," ಅಂದೆ ಒಮ್ಮೆ.

"ನಾ ಏನು ಹರಾಜಿಗೆ ನಿಂತೀನೇನು, ಏರಿಸಿ ಕೂಗಾಕ? ಸುಮ್ಮ ಕೂಡು."

ಸುಮ್ಮ ಕೂತೆ.

ಒಂಬತ್ತನೇ ದಿನ ಬ್ಯಾರೆ ಸಿಸ್ಟರ್ ಬಂದ್ಲು. ವಯಸ್ಸಾದಾಕಿ. ಎಷ್ಟು ಅಂತ ಕೇಳಲೇ ಇಲ್ಲ.

"ಆಜೋಬಾ, ಮಗ್ಗಲಾಗಿ ಮಲಗಿ ಎಷ್ಟು ದಿನ ಆತು?"

ಆಕಿ ಕಾಲಿನ ಮ್ಯಾಲಿನ ಚಾದರ ಸರಿಸಿ, ಅವರನ್ನ ಸಾವಕಾಶ ಒಂದೀಟು ಹೊರಳಿಸಿ, ಬೆರಳು ನೋಡಿದ್ಲು. ಆಮ್ಯಾಲೆ ನನ್ನ ಹೊರಗ ಕರದ್ಲು.

"ಯಾವಾಗಿಂದ ಹಿಂಗ, ಆಜಿ?"

"ಬಂದ ದಿನದಿಂದ."

"ಯಾಕ ಹೇಳಲಿಲ್ಲ?"

"ಅವರೇ ಎರಡು ಅಂದ್ರಲ್ಲ."

ಆಕಿ ಡಾಕ್ಟರನ್ನ ಕರಕೊಂಡು ಬಂದ್ಲು. ಮಧ್ಯಾಹ್ನ ಮಾರ್ಫಿನ್ ಸುರು ಆತು. ಚಟ ಹತ್ತೂದಿಲ್ಲೇನು ಅಂತ ನಾ ಕೇಳಿದೆ. "ಇವರಿಗೆ ಚಟ ಹತ್ತೋ ಅಷ್ಟು ದಿನ ಉಳದಾವೇನು, ಆಜಿ?" ಅಂದ್ಲು. ಖರೇನ ಇತ್ತು.

ಚಹಾದ ಹೊತ್ತಿಗೆ ಬೆರಳು ಬಿಚ್ಚಿದ್ದವು. ಮಗ್ಗಲಾಗಿ ಮಲಗಿ ಗೊರಕಿ ಹೊಡದ್ರು. ಅಲ್ಲಿಂದ ನಾಕನೇ ದಿನ ಹೋದ್ರು.

ಹೆಣ ಒಯ್ಯೂ ಮುಂದ ಆ ಸಣ್ಣ ಸಿಸ್ಟರ್ ಬಂದು ನಿಂತ್ಲು. "ಕಾಲು ನೋಡಬೇಕಂತ ನನಗ ಯಾರೂ ಕಲಿಸಿದ್ದಿಲ್ಲ, ಆಜಿ," ಅಂದ್ಲು. ಕಣ್ಣಾಗ ನೀರು. ಬೈತೀನಿ ಅಂತ ತಿಳಕೊಂಡಿದ್ಲೇನೋ.

ನಾ ಬೈಲಿಲ್ಲ. ಆಕಿಗೆ ಗೊತ್ತಿದ್ದಿಲ್ಲ. ಎಂಟು ದಿನ ಗೊತ್ತಿದ್ದು ಕೂತಾಕಿ ನಾನು.