ಆರು ಅವರೆಕಾಯಿ ಸುಲಿಯುವಷ್ಟು ಹೊತ್ತು

ಆ ಭಾನುವಾರ ಅತ್ತಿಗೆಯ ಬೆರಳ ತುದಿಗಳು ಅವರೆಕಾಯಿಯ ಸೊಗಡು ಹತ್ತಿ ಕಪ್ಪಾಗಿದ್ದವು. ತೆರಕಣಾಂಬಿಯ ನಮ್ಮ ಮನೆಯ ಜಗಲಿಯಲ್ಲಿ ಮೊರ ಮುಂದಿಟ್ಟುಕೊಂಡು ಕೂತಿದ್ದರು. ಮೊರದ ಅಂಚಿಗೆ ನಮ್ಮವ್ವನ ಹಳೆಯ ಫೋನನ್ನು ಒರಗಿಸಿದ್ದರು. ಕಿರುಬೆರಳಿನಿಂದ ಫೋನು ಒತ್ತಿ ಕೂಡಲೇ ಕಾಯಿ ಸುಲಿಯತೊಡಗುವರು. ಪರದೆಯ ಮೇಲೆ ಹೆಸರುಗಳು ಮೂಡಿದ ತಕ್ಷಣ ನಿಲ್ಲಿಸುವರು. ತಮ್ಮ ವೆಬ್‌ಸೈಟು ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಅವರ ಲೆಕ್ಕ ಅದು.

"ಎರಡೇ ಕಾಯಿ ಕಣಪ್ಪ" ಎಂದರು ನನಗೆ. ಹಿಂದಿನ ವರ್ಷ ಅದೇ ಫೋನಿನಲ್ಲಿ, ಅದೇ ಜಗಲಿಯಲ್ಲಿ ಆರು ಕಾಯಿ ಹಿಡಿದಿತ್ತು. ಮಧ್ಯಾಹ್ನ ಮುದ್ದೆಗೆ ಅದೇ ಕಾಳಿನ ಸಾರು ಮಾಡಿದರು. ಆ ದಿನದಲ್ಲಿ ಬೇರೇನೂ ವಿಶೇಷವಿರಲಿಲ್ಲ.

ಅದು ರಕ್ತ ಕೊಡುವವರ ಪಟ್ಟಿ. ಅತ್ತಿಗೆ ಗುಂಡ್ಲುಪೇಟೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದರು. ಚೊಚ್ಚಲ ಹೆರಿಗೆಯಲ್ಲಿ ಅವರಿಗೆ ರಕ್ತ ಬೇಕಾದಾಗ ಕೊಡುವವರನ್ನು ಹುಡುಕಿಕೊಂಡು ನಮ್ಮಣ್ಣ ಅರ್ಧ ದಿನ ಅಲೆದಿದ್ದ. ಅತ್ತಿಗೆ ಉಳಿದರು, ಮಗು ಉಳಿಯಲಿಲ್ಲ. ಅದಾದ ಮೇಲೆ ಅವರು ಅಂಗಡಿಯ ಬಿಡುವಿನಲ್ಲಿ ತಾವೇ ಕಲಿತು, ಸುತ್ತಲ ಊರುಗಳ ಹುಡುಗರ ಹೆಸರು, ರಕ್ತದ ಗುಂಪು, ಫೋನ್ ನಂಬರು ಸೇರಿಸಿ ಈ ವೆಬ್‌ಸೈಟು ಮಾಡಿದರು. ಹೊಸ ಹೆಸರು ಬರೆಯುವುದು, ಪಟ ಹಾಕುವುದು, ತೆಗೆಯುವುದು, ಇಷ್ಟನ್ನು ನನಗೂ ಕಲಿಸಿದರು.

ರಕ್ತ ಕೊಟ್ಟ ಹುಡುಗರಿಗೆಲ್ಲ ಅದರಲ್ಲಿ ತಮ್ಮ ಪಟ ಬೇಕಿತ್ತು. ಅದೂ ಬಸ್ ನಿಲ್ದಾಣದಲ್ಲಿ ಕಟ್ಟುವ ಫ್ಲೆಕ್ಸಿಗೆ ತೆಗೆಸಿದ ಪಟವೇ. ಯಾರೋ ಮೇಲೊಂದು ಹಾಡು ಹಾಕಿಸಿದರು, ಇನ್ಯಾರೋ ಓಡುವ ಅಕ್ಷರ ಹಾಕಿಸಿದರು. ನೆಟ್‌ವರ್ಕ್ ಚೆನ್ನಾಗಿರುವ ಪೇಟೆಯಲ್ಲಿ ಎಲ್ಲ ಅಂದವಾಗಿ ಕಾಣುತ್ತಿತ್ತು. ನಮ್ಮ ಜಗಲಿಯಲ್ಲಿ ಬರೀ ಚಕ್ರ ಸುತ್ತುತ್ತಿತ್ತು. ಒಂದು ವರ್ಷ ಕೂತು ಅತ್ತಿಗೆ ಹಾಡು ತೆಗೆದರು, ಓಡುವ ಅಕ್ಷರ ನಿಲ್ಲಿಸಿದರು, ಒಂದೊಂದೇ ಪಟವನ್ನು ಕುಗ್ಗಿಸಿದರು. ಹೆಸರು, ನಂಬರು ಮೊದಲು ಬರಬೇಕು, ಪಟ ಕೆಳಗೆ ಸರಿಸಿ ನೋಡಿದವರಿಗೆ ಮಾತ್ರ ಬರಬೇಕು ಎಂದು ಹೊಂದಿಸಿದರು.

ಹುಡುಗರು ಅಂಗಡಿಗೇ ಬಂದು ಜಗಳ ತೆಗೆದರು. "ಅತ್ಗೆಮ್ಮ, ರಕ್ತ ಕೊಟ್ಟಿರದು ನಾವು. ನಮ್ ಮೊಕ ಮಾತ್ರ ಬೆಂಕಿಪೊಟ್ಣದಷ್ಟಾ?"

ಅತ್ತಿಗೆ ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದರು: "ಫ್ಲೆಕ್ಸು ದೂರ ನಿಂತ್ಕಂಡು ನೋಡಕ್ಕೆ ಕಣ್ರಪ್ಪ. ಇದು ಆಸ್ಪತ್ರೆ ಬಾಗ್ಲಲ್ಲಿ ರಕ್ತ ಹುಡುಕ್ತಾ ನಿಂತಿರೋರು ನೋಡಕ್ಕೆ. ಅವ್ರಿಗೆ ಬ್ಯಾಡದೇ ಇರದು ಒಂದೂ ಇರ್ಬಾರ್ದು."

ಆ ಭಾನುವಾರದ ಮಾರನೆಯ ದಿನ ಬೆಳಿಗ್ಗೆ ಬಸ್ಸಿಗೆ ಹೊರಟ ಅತ್ತಿಗೆ ಹೊಸ್ತಿಲ ಬಳಿ ಕುಸಿದರು. ತಲೆಯೊಳಗೆ ನರ ಒಡೆದಿದೆ ಎಂದರು ಡಾಕ್ಟರು. ಸುದ್ದಿ ತಿಳಿದ ಹುಡುಗರು ಚಾಮರಾಜನಗರದ ಆಸ್ಪತ್ರೆಗೆ ಬಂದು ಅಂಗಿಯ ತೋಳು ಮಡಚಿಕೊಂಡು ಸಾಲಾಗಿ ನಿಂತರು. ರಕ್ತ ಬೇಡ ಎಂದು ನರ್ಸಮ್ಮ ಎರಡು ಸಲ ಹೇಳಿದರೂ ಕದಲಲಿಲ್ಲ. ಸಂಜೆಗೆ ಮುಗಿಯಿತು.

ತಿಥಿಯ ದಿನ ಆ ಹುಡುಗರೇ ಅತ್ತಿಗೆಯ ದೊಡ್ಡ ಫ್ಲೆಕ್ಸ್ ಕಟ್ಟಿದರು. ಅದೇ ಪಟವನ್ನು ವೆಬ್‌ಸೈಟಿನ ಮೇಲ್ಗಡೆ ಹಾಕು ಎಂದು ನನಗೆ ಕಳಿಸಿದರು. ಕಳಿಸಿದ ಹಾಗೆಯೇ, ಹೆಸರುಗಳಿಗಿಂತ ಮೊದಲು ಬರುವಂತೆ ಹಾಕಿದೆ. ಪಟದ ಫೈಲು ಎಷ್ಟು ಭಾರವಿದೆ ಎಂದು ನೋಡಬೇಕೆನ್ನುವುದು ನನ್ನ ತಲೆಗೆ ಬರಲಿಲ್ಲ.

ಅಂದಿನಿಂದ ಅಣ್ಣ ಬೆಳಗಾದರೆ ಜಗಲಿಯಲ್ಲಿ ಕೂತು ಪುಟ ತೆರೆದು ಕಾಯುತ್ತಿದ್ದ. ಪಟ ಮೇಲಿನಿಂದ ನಿಧಾನವಾಗಿ ಇಳಿದು ಬರುತ್ತಿತ್ತು. ಮೊದಲು ಬೈತಲೆ, ಆಮೇಲೆ ಹಣೆ, ಕುಂಕುಮ, ಕಣ್ಣು. ಪೂರ್ತಿ ಮುಖ ಬಂದ ಮೇಲೆ ಸ್ವಲ್ಪ ಹೊತ್ತು ನೋಡಿ ಎದ್ದುಹೋಗುತ್ತಿದ್ದ.

ಒಂದು ಮಧ್ಯಾಹ್ನ ಉಮ್ಮತ್ತೂರಿನವನೊಬ್ಬ ಯಾರಿಂದಲೋ ನನ್ನ ನಂಬರು ಪಡೆದು ಫೋನು ಮಾಡಿದ. ತಂಗಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲವಂತೆ. "ಹೆಸ್ರು ಬತ್ತಾ ಇಲ್ಲ ಕಣಣ್ಣ. ಯಾವ್ದೋ ಹೆಂಗಸಿನ ಪಟ ಅರ್ಧ ಬಂದು ನಿಂತ್ಕಬುಟ್ಟದೆ." ನಾನೇ ಓದಿ ಹೇಳುತ್ತೇನೆ ಎಂದು ಅವ್ವನ ಫೋನಿನಲ್ಲಿ ತೆರೆದೆ. ನನಗೂ ಅತ್ತಿಗೆಯ ಹಣೆಯವರೆಗೆ ಬಂದು ನಿಂತಿತು. ಅವನು ಆ ಕಡೆ "ಹೇಳಣ್ಣ, ಹೇಳಣ್ಣ" ಎನ್ನುತ್ತಲೇ ಇದ್ದ. ಕೊನೆಗೆ ಆಸ್ಪತ್ರೆಯಲ್ಲೇ ಯಾರೋ ಪುಣ್ಯಾತ್ಮರು ಕೊಟ್ಟರಂತೆ, ಆಕೆ ಉಳಿದಳು. ನನ್ನಿಂದ ಏನೂ ಆಗಲಿಲ್ಲ.

ಆ ದಿನವೇ ಅಣ್ಣನಿಗೆ ವಿಷಯ ಹೇಳಿದೆ. ಅವನು, "ತಗದ್ಬುಡು. ಅವ್ಳೇ ಇದ್ದಿದ್ರೆ ಯಾವತ್ತೋ ತಗೀತಿದ್ಲು" ಎಂದ.

ಅಂಗಡಿಯವರಿಂದ ಚಿಕ್ಕದು ಮಾಡಿಸಿ ಕೆಳಗೆ ಹುಡುಗರ ಜೊತೆ ಹಾಕುತ್ತೇನೆ ಎಂದೆ.

"ಬ್ಯಾಡ ಬುಡು. ಅದು ರಕ್ತ ಕೊಟ್ಟೋರ ಜಾಗ. ಇವ್ಳು ಕೊಡಕ್ಕೆ ಹೋದ್ರೂ ರಕ್ತ ಕಮ್ಮಿ ಅದೆ ಅಂತ ಒಂದ್ ಸಲನೂ ಯಾರೂ ತಕ್ಕಳ್ನಿಲ್ಲ. ಅದ್ಕೇ ಅವ್ಳು ತನ್ ಹೆಸ್ರೂ ಬರ್ಕಳ್ನಿಲ್ಲ."

ಅವನ ಎದುರಿಗೇ ಪಟ ತೆಗೆದೆ.

ಅಣ್ಣ ಈಗಲೂ ಬೆಳಿಗ್ಗೆ ಪುಟ ತೆರೆಯುತ್ತಾನೆ. ಕೈ ಇಡುತ್ತಲೇ ಹೆಸರುಗಳು, ನಂಬರುಗಳು ಎಲ್ಲ ಬಂದುಬಿಡುತ್ತವೆ. ಅತ್ತಿಗೆ ಅದರಲ್ಲಿ ಎಲ್ಲಿಯೂ ಇಲ್ಲ.