ಕಿಸೆಯಿಲ್ಲದವಳ ಕಿಸೆಪುಸ್ತಕ

ಕಿಸೆಯಲ್ಲೊಂದು ಪುಸ್ತಕವಿರಲಿ ಎಂದು ನಮ್ಮ ಪ್ರಾಧ್ಯಾಪಕರು ತರಗತಿಯಲ್ಲಿ ಹೇಳಿದಾಗ ಹುಡುಗರು ತಮ್ಮ ಅಂಗಿಯ ಎದೆ ಮುಟ್ಟಿಕೊಂಡರು. ನನಗೆ ಸಿಟ್ಟು ಬಂತು. ಚೂಡಿದಾರಕ್ಕೆ ಕಿಸೆಯೇ ಇರಲಿಲ್ಲ.

ಎರಡು ಸಾವಿರದ ಆಸುಪಾಸಿನ ಆ ವರ್ಷಗಳಲ್ಲಿ ನಾನು ಬೆಳಗಾವಿಯಲ್ಲಿ ಎಂ.ಎ. ಓದುತ್ತಿದ್ದೆ, ದಿನವೂ ಊರಿನಿಂದಲೇ ಹೋಗಿಬರುತ್ತಿದ್ದೆ. ನಮ್ಮೂರು ಖಾನಾಪುರ ದಾಟಿ ನಂದಗಡದ ದಾರಿಯಲ್ಲಿ, ಕ್ರಾಸಿನಿಂದ ತುಸು ಒಳಗೆ. ಖಾನಾಪುರದಲ್ಲಿ ಹಿಡಿಯುವ ಸಂಜೆಯ ಬಸ್ಸು ಆ ಕ್ರಾಸಿನಲ್ಲಿ ನಿಲ್ಲಬೇಕು. ಡ್ರೈವರನಿಗೆ ಮನಸ್ಸಾದರೆ ನಿಲ್ಲುತ್ತಿತ್ತು. ಇಲ್ಲವಾದರೆ ನನ್ನನ್ನು ನಂದಗಡಕ್ಕೆ ಒಯ್ದು ಇಳಿಸುತ್ತಿತ್ತು. ಅಲ್ಲಿಂದ ಕಬ್ಬಿನ ಹೊಲಗಳ ನಡುವೆ ಒಬ್ಬಳೇ ಹಿಂದಕ್ಕೆ ನಡೆದು ಬರಬೇಕು.

ಹಾಗೆ ಬಂದ ಒಂದು ಸಂಜೆ ಅಪ್ಪ ಬ್ಯಾಟರಿ ಹಿಡಿದು ಕ್ರಾಸಿನಲ್ಲಿ ನಿಂತಿದ್ದರು. ಮನೆ ಮುಟ್ಟಿ ಚಪ್ಪಲಿ ಬಿಡುತ್ತ ಹೇಳಿದರು: "ಬಿ.ಎ. ಆಗೇತಿ, ಸಾಕು. ಈ ಎಂ.ಎ. ಬಿಡಸೂಣು."

ಒಳಗಿನಿಂದ ಅಜ್ಜಿಯ ದನಿ ಬಂತು: "ಸಾಲಿ ಯಾಕ ಬಿಡಸ್ತಿ? ಬಸ್ಸ ನಿಲ್ಲಸು."

"ನಾ ಏನ್ ಡ್ರೈವರ ಅದೀನೇನಬೇ?"

ಮರುದಿನ ಖಾನಾಪುರದ ಸ್ಟ್ಯಾಂಡಿನಲ್ಲಿ ಬಸ್ಸುಗಳ ಪಾಳಿ ನೋಡುವ ಕಂಟ್ರೋಲರರ ಕಿಟಕಿಗೆ ಹೋದೆ. ದಪ್ಪ ಮೀಸೆಯ ಮನುಷ್ಯ. "ನಾಳಿಂದ ನಿಲ್ಲತೈತಿ, ಹೋಗ ತಂಗಿ" ಎಂದರು. ನಿಲ್ಲಲಿಲ್ಲ. ಮತ್ತೆ ಕೇಳಿದರೆ, "ಯಾರಂದ್ರು ಹಂಗ? ನಾ ಅಂದೆನೇನು?" ಎಂದು ನನ್ನನ್ನೇ ಕೇಳಿದರು. ಅದನ್ನು ಹೇಳಿದಾಗ ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, "ಓದಾಕ ಬರತೈತಲ್ಲ ನಿನಗ, ಅವನ ಎದರಿಗೇ ಬರಕೊಂಡ ಬಾ" ಎಂದಳು.

ಪೇಟೆಯಲ್ಲಿ ಅಂಗೈಯಗಲದ, ಕೆಂಪು ರಟ್ಟಿನ ಪುಸ್ತಕ ಕೊಂಡೆ. ಅದನ್ನು ಇಡುವುದೆಲ್ಲಿ? ಬ್ಯಾಗಿನಲ್ಲಿಟ್ಟರೆ ಪ್ರಯೋಜನವಿರಲಿಲ್ಲ. ಗದ್ದಲದ ಬಸ್ಸಿನಲ್ಲಿ ನಿಂತವರು ಬ್ಯಾಗನ್ನು ಕುಳಿತವರ ತೊಡೆಗೆ ಕೊಡುವುದು ನಮ್ಮಲ್ಲಿಯ ರೂಢಿ. ಅದು ಯಾರದೋ ಮಡಿಲಲ್ಲಿ, ನಾನು ಬಾಗಿಲಲ್ಲಿ. ಬೆಳಗಾವಿಯ ವಡಗಾವಿ ಓಣಿಯಲ್ಲಿದ್ದ ದರ್ಜಿಯನ್ನು ಕೇಳಿದೆ. "ಚೂಡಿದಾರಕ್ಕ ಕಿಸೇನ? ಮುಂದಿನ ಸಲ ಪ್ಯಾಂಟಿನ ಅಳತಿ ತರ್ರಿ" ಎಂದು ನಕ್ಕ. ಕೊನೆಗೆ ಅಜ್ಜಿಯೇ ತನ್ನ ಎಲೆಯಡಿಕೆಯ ಹಳೆಯ ಸಂಚಿಯನ್ನು ಒಗೆದು, ಲಾಡಿ ಬದಲಿಸಿ ಕೊಟ್ಟಳು. ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ಓಢಣಿ ಇಳಿಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ಎಷ್ಟು ಒಗೆದರೂ ಅದರ ಕಾಚಿನ ವಾಸನೆ ಹೋಗಲಿಲ್ಲ. ನಾನು ಬರೆದ ಪುಟಗಳಿಗೆಲ್ಲ ಅದೇ ವಾಸನೆ. ಬೆಳಿಗ್ಗೆ ಹೊಸ್ತಿಲು ದಾಟುವಾಗ ಅಜ್ಜಿ ಡಬ್ಬಿಯನ್ನಾಗಲಿ ಛತ್ರಿಯನ್ನಾಗಲಿ ಕೇಳುತ್ತಿರಲಿಲ್ಲ. "ಸಂಚಿ ಐತಿಲ್ಲೊ?" ಎನ್ನುತ್ತಿದ್ದಳು. ಪುಸ್ತಕ ಒಯ್ಯುವುದು ರೂಢಿಯಾದದ್ದು ಹಾಗೆ.

ಆದರೆ ಮೊದಲ ಸಲ ಆ ಪುಸ್ತಕ ನನ್ನ ಮಾನ ಕಳೆಯಿತು. ಕಂಟ್ರೋಲರರ ಹೊಸ ಭರವಸೆಯನ್ನು ಬರೆದುಕೊಂಡಿದ್ದೆ, ಅದೂ ಹುಸಿಯಾದಾಗ ಕಿಟಕಿಯ ಮುಂದೆ ನಿಂತು ಗಟ್ಟಿಯಾಗಿ ಓದಿದೆ: "ಸದರಿ ಬಸ್ಸನ್ನು ಕ್ರಾಸಿನಲ್ಲಿ ಕಡ್ಡಾಯವಾಗಿ ನಿಲ್ಲಿಸಲಾಗುವುದೆಂದು ತಿಳಿಸಲಾಯಿತು."

ಅವರು ಕಿಟಕಿಯಿಂದ ತಲೆ ಹೊರಹಾಕಿದರು. "ಇದ ಯಾರ ಮಾತ ತಂಗಿ? ನಾ ಹುಟ್ಟಿದಾಗಿಂದ ಹಿಂಗ ಮಾತಾಡಿಲ್ಲ. ರೇಡಿಯೋದಾಗಿನವ್ರು ಅಂದಿರಬೇಕು, ಅವ್ರನ್ನ ಕೇಳ ಹೋಗು!"

ಪಾಳಿಯಲ್ಲಿದ್ದವರೆಲ್ಲ ನಕ್ಕರು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಆ ಸಾಲನ್ನು ಮತ್ತೆ ಓದಿಕೊಂಡೆ. ವಿಶ್ವವಿದ್ಯಾಲಯ ಮೆಚ್ಚುವಂಥ ಸಾಲು. ಹೇಳಿದವನು ಅದರೊಳಗೆ ಎಲ್ಲಿಯೂ ಇರಲಿಲ್ಲ. ಅಧಿಕಾರ ತಲೆ ತಪ್ಪಿಸಿಕೊಳ್ಳಲು ಕಟ್ಟಿಕೊಂಡ ಭಾಷೆಯನ್ನು ನಾನೇ ಅದಕ್ಕೆ ಬಿಟ್ಟಿಯಾಗಿ ಒದಗಿಸಿದ್ದೆ.

ಅಂದಿನಿಂದ ಆಡಿದವರ ಬಾಯಿಂದ ಬಂದಹಾಗೆಯೇ ಬರೆದೆ, ನಡುವೆ ನುಸುಳುವ ಮರಾಠಿಯನ್ನೂ ಬಿಡದೆ. ಪ್ರತಿ ಸಂಜೆ ಅಜ್ಜಿಗೆ ಓದಿ ಹೇಳುತ್ತಿದ್ದೆ. ಅವಳು ಕಣ್ಣು ಮುಚ್ಚಿ ಕೇಳಿ, "ಈಗ ಕಂಡಾ ನೋಡ ಅವ" ಎಂದು ನಗುತ್ತಿದ್ದಳು.

ಅಷ್ಟರಲ್ಲಿ ಮತ್ತೊಂದು ಸಂಜೆ ಬಸ್ಸು ನನ್ನನ್ನು ನಂದಗಡಕ್ಕೆ ಒಯ್ದಿತು. "ಇನ್ನೊಮ್ಮೆ ಹಿಂಗಾತಂದ್ರ ಮುಗೀತು" ಎಂದರು ಅಪ್ಪ. ಮರುದಿನ ಕಿಟಕಿಯ ಮುಂದೆ ಸಂತೆಯಿಂದ ಬಂದವರು ಬುಟ್ಟಿಗಳೊಡನೆ ನಿಂತಿದ್ದರು. ನಾನು ಸಂಚಿ ಬಿಚ್ಚಿ, ಎರಡು ದಿನದ ಹಿಂದೆ ಬರೆದುಕೊಂಡದ್ದನ್ನು ಓದಿದೆ:

"'ನಾಳಿ ನಿಲ್ಲಲಿಲ್ಲಂದ್ರ ಈ ಮೀಸಿ ಬೋಳಸ್ತೀನಿ ನೋಡ ತಂಗಿ, ಖರೇನ ಹೇಳ್ತೀನಿ.' ಕಾಕಾ, ಇದು ನಿಮ್ಮ ಮಾತು ಹೌದಲ್ಲೊ?"

ಅವರು ಬಾಯಿ ತೆರೆಯುವ ಮೊದಲೇ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಕೂಗಿದಳು: "ಇವಂದ ಐತಿ, ಇವಂದ! ನನಗೂ ಹಿಂಗ ಅಂದಿದ್ದ. ಕತ್ರಿ ತರ್ರಿ ಯಾರರ!"

ಈ ಸಲದ ನಗೆ ಬೇರೆ ಕಡೆ ತಿರುಗಿತು. ಕಂಟ್ರೋಲರರ ಕೈ ತಾನಾಗಿ ಮೀಸೆಗೆ ಹೋಯಿತು. ಅವರು ಕೋಣೆಯಿಂದ ಹೊರಬಂದು, ಬಸ್ಸು ಹತ್ತಿ, ಎಲ್ಲರೂ ಕೇಳುವಂತೆ ಡ್ರೈವರನಿಗೆ ಹೇಳಿದರು: "ಕ್ರಾಸಿನ್ಯಾಗ ನಿಲ್ಲಸೋ ಮಾರಾಯಾ, ನನ್ನ ಮಾರಿ ಉಳಸು."

ಬಸ್ಸು ನಿಂತಿತು. ಕ್ರಾಸಿನಲ್ಲಿ ಅಪ್ಪ ಬ್ಯಾಟರಿ ಹಿಡಿದು ಕಾಯುತ್ತಿದ್ದರು, ಇನ್ನೂ ಬೆಳಕಿತ್ತು. ಅವರು ಅದನ್ನು ತಮ್ಮ ಕಿಸೆಗೆ ಇಳಿಬಿಟ್ಟು, "ನಡಿ, ನಿಮ್ಮಜ್ಜಿ ಚಹಾ ಇಟ್ಟಾಳ" ಎಂದರು. ಎಂ.ಎ. ಬಿಡಿಸುವ ಮಾತು ಮತ್ತೆ ಆಡಲಿಲ್ಲ.

ಈಗಲೂ 'ಪರಿಶೀಲಿಸಲಾಗುವುದು' ಎಂಬ ಉತ್ತರ ಯಾವುದೇ ಮೇಜಿನಿಂದ ಬಂದರೆ ನಾನು ಎದ್ದು ಬರುವುದಿಲ್ಲ. ಯಾರು, ಯಾವತ್ತು ಎಂದು ಕೇಳುತ್ತೇನೆ. ಕೇಳುತ್ತಲೇ ಸಂಚಿಯ ಲಾಡಿ ಸಡಿಲಿಸುತ್ತೇನೆ. ಸಾರ್ವಜನಿಕರಿಗೆ ಕೊಟ್ಟ ಮಾತು ಸಾರ್ವಜನಿಕರ ಸ್ವತ್ತು. ಅದನ್ನು ಕೊಟ್ಟವರ ದನಿಯಲ್ಲಿಯೇ ಕಾಯಬೇಕು.

ಎಂ.ಎ.ಯ ಕೊನೆಯ ಪರೀಕ್ಷೆಯ ಸಂಜೆ ಕಿಟಕಿಗೆ ಹೋಗಿ, ಇನ್ನು ದಿನಾ ಬರುವುದಿಲ್ಲವೆಂದು ಹೇಳಿದೆ.

"ಹಂಗಂದ್ರ ಮೀಸಿ ಉಳೀತು" ಎಂದರು ಕಂಟ್ರೋಲರ್.

"ಇಲ್ಲ ಕಾಕಾ, ಅದು ನಮ್ಮಜ್ಜಿ ಕೊಟ್ಟ ಸಂಚ್ಯಾಗ, ಪುಸ್ತಕದಾಗ ಐತಿ. ಬರೂ ವರ್ಷ ನಮ್ಮೂರಿಂದ ಇನ್ನಿಬ್ರು ಹುಡುಗ್ಯಾರು ಕಾಲೇಜಿಗೆ ಬರ್ತಾರ."

ಅವರು ಕಿಟಕಿಯಾಚೆ ಬಸ್ಸಿನತ್ತ ನೋಡಿ ನಿಟ್ಟುಸಿರಿಟ್ಟರು. "ಅವ್ರಿಗೂ ಸಂಚಿ ಕೊಟ್ಟಾಳೇನು ನಿಮ್ಮಜ್ಜಿ?"